ಎಕ್ಸ್-ರೇ ಚಿತ್ರದ ಹೆಂಗಸಿಗೆ ಅದರ ಸುದ್ದಿ ಮುಟ್ಟಿಸುವ ಬಗ್ಗೆ

ದೊಡ್ಡಾಸ್ಪತ್ರೆಯ ಮಾನ್ಯ ದತ್ತಾಂಶ ಪಾಲನಾಧಿಕಾರಿಗಳೇ,

ಕಳೆದ ವಾರ ನನ್ನ ಅಕ್ಕನನ್ನು ಪೊಲೀಸರು ಠಾಣೆಗೆ ಕರೆದುಕೊಂಡು ಹೋದರು. ತರಕಾರಿ ಮಾರುಕಟ್ಟೆಯ ಬಾಗಿಲಲ್ಲಿ ಗುರುತು ಪರಿಚಯವಿಲ್ಲದ ಹೆಂಗಸೊಬ್ಬರ ಕೈಯಿಂದ ಚೀಲ ಕಿತ್ತುಕೊಂಡು ಓಡಿದಳೆಂಬುದು ಆಪಾದನೆ. ಓಡಿದಳೆಂಬುದು ಸುಳ್ಳು, ಅವಳ ಮಂಡಿ ಅದಕ್ಕೆ ಒಪ್ಪುವುದಿಲ್ಲ. ಕಿತ್ತುಕೊಂಡದ್ದು ನಿಜ. ಚೀಲದಲ್ಲಿ ಆಲೂಗಡ್ಡೆಯೂ ಒಂದು ಕುಂಬಳಕಾಯಿಯೂ ಇದ್ದವು. ಅಕ್ಕನಿಗೆ ಈಗ ಅರವತ್ತನಾಲ್ಕು. ಜೀವಮಾನವೆಲ್ಲ ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದು, ಚಿಲ್ಲರೆಯ ವಿಷಯದಲ್ಲಿ ಒಬ್ಬರಿಂದಲೂ ಮಾತು ಕೇಳದೆ ನಿವೃತ್ತಳಾದವಳು. ಅಂಥವಳು ಕುಂಬಳಕಾಯಿಯ ಆಸೆಗೆ ಬಿದ್ದು ಕಳ್ಳಿಯಾದಳೆಂದು ನೀವು ನಂಬುತ್ತೀರಾ? ನಾನು ನಂಬುವುದಿಲ್ಲ, ಏಕೆಂದರೆ ಅವಳಿಗೆ ಕುಂಬಳಕಾಯಿ ಕಂಡರಾಗದು. ಈ ಪ್ರಕರಣದ ಮೊದಲ ಆರೋಪಿ ನಿಮ್ಮ ಕಚೇರಿ. ಇದನ್ನು ನಿಮಗೆ ಖಾಸಗಿಯಾಗಿಯೇ ತಿಳಿಸಬೇಕೆಂದಿದ್ದೆ. ಆದರೆ ಹಿಂದೆ ಬರೆದ ಪತ್ರಗಳಿಗೆಲ್ಲ "ತಮ್ಮ ಪತ್ರ ಪರಿಶೀಲನೆಯಲ್ಲಿದೆ" ಎಂಬ ಒಂದೇ ಉತ್ತರ ಬಂದದ್ದರಿಂದ, ಊರಿನವರೂ ಸ್ವಲ್ಪ ಪರಿಶೀಲಿಸಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಸಂಶೋಧನೆಯ ವಿರೋಧಿಯಲ್ಲ. ರೋಗಿಗಳ ಹೆಸರು, ವಿಳಾಸ, ಫೋನ್ ನಂಬರುಗಳನ್ನು ಅಳಿಸಿ, ಅವರ ಎಕ್ಸ್-ರೇ ಚಿತ್ರಗಳನ್ನೂ ವರದಿಗಳನ್ನೂ ವೈದ್ಯಕೀಯ ಸಂಶೋಧಕರಿಗೆ ಕೊಡಲು ನಿಮ್ಮ ಆಸ್ಪತ್ರೆ ಹೊರಟಾಗ, ಒಪ್ಪಿಗೆ ಪತ್ರಕ್ಕೆ ಕಣ್ಣು ಮುಚ್ಚಿ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ನನ್ನ ಮೂಲವ್ಯಾಧಿಯಿಂದ ನನಗಂತೂ ಮೂರು ಕಾಸಿನ ಪ್ರಯೋಜನವಾಗಿಲ್ಲ. ಅದರಿಂದ ಮನುಕುಲಕ್ಕೆ ಏನಾದರೂ ಉಪಕಾರವಾಗುವುದಾದರೆ ಬೇಡವೆನ್ನಲು ನಾನ್ಯಾರು? ನನ್ನ ಹೆಸರೊಂದು ಅದಕ್ಕೆ ಅಂಟಿಕೊಂಡಿರಬಾರದು, ಅಷ್ಟೆ. ನಾನು ಡ್ರೈವಿಂಗ್ ಸ್ಕೂಲ್ ನಡೆಸುವವನು. ದಿನವಿಡೀ ಪಕ್ಕದ ಸೀಟಿನಲ್ಲಿ ಕೂತು ಗದರಿಸುವ ಮೇಷ್ಟ್ರು ಆಗಾಗ ಯಾಕೆ ಹಾಗೆ ಮಗ್ಗುಲು ಬದಲಿಸುತ್ತಾರೆಂಬುದು ಕಲಿಯುವವರಿಗೆ ಗೊತ್ತಾದರೆ, ಆಮೇಲೆ ಗದರಿಕೆಗೆ ಯಾವ ಬೆಲೆ? ಆದ್ದರಿಂದ ಹೆಸರು ಅಳಿಸುವ ನಿಮ್ಮ ಕೆಲಸಕ್ಕೆ ನನ್ನ ಬೆಂಬಲ ಹಿಂದೆಯೂ ಇತ್ತು, ಈಗಲೂ ಇದೆ.

ತಕರಾರು ಶುರುವಾದದ್ದು ಧನ್ಯವಾದದಿಂದ. ದತ್ತಾಂಶ ಪಡೆದ ಸಂಶೋಧಕರು ನಮ್ಮೂರಿನವರಿಗೆ ಕೃತಜ್ಞತೆ ಹೇಳಬೇಕೆಂದು ಪುರಭವನದಲ್ಲಿ ಒಂದು ಸಭೆ ಕರೆದರು. ನೀವೂ ಬಂದಿದ್ದಿರಿ, ಹೂಗುಚ್ಛ ಸ್ವೀಕರಿಸಿ, ಇನ್ನೊಂದು ಸಭೆಯಿದೆಯೆಂದು ಹೂಗುಚ್ಛವನ್ನು ಕುರ್ಚಿಯ ಮೇಲೆ ಬಿಟ್ಟು ಹೊರಟುಹೋದಿರಿ. ಆದ್ದರಿಂದ ಮುಂದೆ ನಡೆದದ್ದು ನಿಮಗೆ ತಿಳಿದಿರಲಾರದು. ಮಾತಾಡಿದ್ದು ಒಬ್ಬ ಯುವ ಸಂಶೋಧಕಿ. ಸ್ವತಃ ಡಾಕ್ಟರ್ ಆಗಿದ್ದರೂ ನಮಗೆ ಅರ್ಥವಾಗುವ ಹಾಗೆ ಮಾತಾಡಿದರು. ಎದೆಯ ಎಕ್ಸ್-ರೇ ನೋಡಿ ಕಾಯಿಲೆ ಕಂಡುಹಿಡಿಯುವುದನ್ನು ಅವರು ಕಂಪ್ಯೂಟರಿಗೆ ಕಲಿಸುತ್ತಿದ್ದರಂತೆ. ಕಂಪ್ಯೂಟರು ಎಷ್ಟು ಚೆನ್ನಾಗಿ ಕಲಿಯಿತೆಂದರೆ ಅವರಿಗೇ ಅನುಮಾನ ಬಂತಂತೆ. ಪರೀಕ್ಷಿಸಿ ನೋಡಿದರೆ ಅದು ಶ್ವಾಸಕೋಶವನ್ನು ನೋಡುತ್ತಲೇ ಇರಲಿಲ್ಲ, ಭುಜದ ಹತ್ತಿರ ಬಿಳಿಯಾಗಿ ಕಾಣುತ್ತಿದ್ದ ಸೇಫ್ಟಿ ಪಿನ್ನನ್ನು ನೋಡುತ್ತಿತ್ತು. ನಿಮ್ಮ ಆಸ್ಪತ್ರೆಯ ಗೌನುಗಳ ದಾರ ಕಿತ್ತುಹೋಗಿ ವರ್ಷಗಳಾಗಿವೆ. ದಾಖಲಾದ ರೋಗಿಗಳಿಗೆ ವಾರ್ಡಿನ ಆಯಾ ಭುಜಕ್ಕೆ ಒಂದು ಪಿನ್ ಚುಚ್ಚಿ ಕಳಿಸುತ್ತಾಳೆ. ತಪಾಸಣೆಗೆಂದು ಬಂದುಹೋಗುವ ಗಟ್ಟಿಮುಟ್ಟು ಜನ ಸ್ವಂತ ಬಟ್ಟೆಯಲ್ಲಿರುತ್ತಾರೆ. ಹೀಗಾಗಿ ಪಿನ್ ಇದ್ದವರೆಲ್ಲ ಕಾಯಿಲೆಯವರೆಂದು ಕಂಪ್ಯೂಟರು ತೀರ್ಮಾನಿಸಿತ್ತು. ಗೌನುಗಳಿಗೆ ಹೊಸ ದಾರ ಹಾಕಿಸಿದರೆ ಅರ್ಧ ಊರೇ ಗುಣವಾಗಿಬಿಡುತ್ತದೆಂಬುದು ಅದರ ನಂಬಿಕೆ. ಇದನ್ನು ಸಂಶೋಧಕಿ ಹೇಳಿದಾಗ ಇಡೀ ಸಭೆ ನಕ್ಕಿತು, ನಾವೂ ನಕ್ಕೆವು.

ಆಮೇಲೆ ಪರದೆಯ ಮೇಲೆ ಒಂದು ಎದೆಯ ಚಿತ್ರ ಬಂತು. "ಇದರಲ್ಲೂ ಪಿನ್ ಇದೆ" ಎಂದು ಅವರು ತೋರಿಸಿದರು, ಮತ್ತೆ ನಗು. "ಆದ್ರೆ ಪಿನ್ ಬಿಟ್ಟು ಇಲ್ಲಿ ನೋಡಿ" ಎಂದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಒಂದು ಕಡೆ ಉಬ್ಬಿದೆಯಂತೆ. ನನ್ನ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಹಳೆಯ ಟಯರಿನ ಮಗ್ಗುಲು ಉಬ್ಬಿದಂತೆ. ಕೆಮ್ಮಿಗೆಂದು ತೆಗೆದ ಚಿತ್ರ. ಡಾಕ್ಟರು ಕೆಮ್ಮನ್ನು ಹುಡುಕಿದರು, ಕೆಮ್ಮು ಸಿಕ್ಕಿತು, ಉಬ್ಬು ಯಾರ ಕಣ್ಣಿಗೂ ಬೀಳಲಿಲ್ಲ. ಗೊತ್ತಾದರೆ ಆಪರೇಷನ್ ಮಾಡಿ ಸರಿಪಡಿಸಬಹುದು. ಗೊತ್ತಾಗದಿದ್ದರೆ ಒಂದು ದಿನ ಒಡೆಯಬಹುದು. ಅಲ್ಲಿಯವರೆಗೂ ಮನುಷ್ಯರಿಗೆ ನೋವೂ ಇರುವುದಿಲ್ಲ, ಸೂಚನೆಯೂ ಇರುವುದಿಲ್ಲ, ಭಾರ ಮಾತ್ರ ಎತ್ತಬಾರದು. "ಹೆಂಗಸು, ಅರವತ್ತರಿಂದ ಅರವತ್ತೈದರೊಳಗೆ. ನಮಗೆ ಗೊತ್ತಿರೋದು ಇಷ್ಟೇ" ಎಂದರು. ಸಭೆಯಲ್ಲಿದ್ದ ಆ ವಯಸ್ಸಿನ ಹೆಂಗಸರೆಲ್ಲರ ಕೈ ಒಟ್ಟಿಗೆ ಎದೆಯ ಮೇಲೆ ಹೋಯಿತು. ಹೆಂಗಸೂ ಅಲ್ಲದ, ಆ ವಯಸ್ಸೂ ಆಗದ ನಾನು ಕೂಡ ಮುಟ್ಟಿ ನೋಡಿಕೊಂಡೆ.

ಅಕ್ಕ ಎದ್ದು ನಿಂತಳು. ಅವಳದು ಬಸ್ಸಿನ ಹಿಂಬಾಗಿಲಿನಿಂದ ಡ್ರೈವರಿಗೆ ಕೇಳಿಸುವ ಗಂಟಲು, ಮೈಕು ಬೇಕಿರಲಿಲ್ಲ.

"ಅಲ್ಲಮ್ಮಾ, ಆಕೆಗೆ ಹೇಳಿದ್ರಾ?"

"ಆಕೆ ಯಾರು ಅಂತ ನಮಗೆ ಗೊತ್ತಿಲ್ಲ ಮೇಡಂ. ನಮ್ಮ ಹತ್ರ ಇರೋದು ಬರೀ ನಂಬರು."

"ನಂಬರು ಕೊಟ್ಟೋರಿಗೆ ಗೊತ್ತಿರ್ಬೇಕಲ್ಲ?"

"ಆಸ್ಪತ್ರೆಗೆ ಗೊತ್ತಿರುತ್ತೆ. ಪಾಲನಾಧಿಕಾರಿಗಳಿಗೆ ಎರಡು ಮೂರು ಸಲ ಬರೆದಿದೀವಿ. ಇನ್ನೂ ಆಗಿಲ್ಲ."

ಎಲ್ಲರೂ ವೇದಿಕೆಯ ಮೇಲಿದ್ದ ನಿಮ್ಮ ಕುರ್ಚಿಯ ಕಡೆ ನೋಡಿದರು. ಹೂಗುಚ್ಛ ಏನೂ ಹೇಳಲಿಲ್ಲ.

ಅದು ತನ್ನದೇ ಚಿತ್ರವೆಂದು ಅಕ್ಕ ಮೆಟ್ಟಿಲಿಳಿಯುವ ಮೊದಲೇ ನಿರ್ಧರಿಸಿಬಿಟ್ಟಳು. ಅವಳೂ ಹಿಂದೊಮ್ಮೆ ಕೆಮ್ಮು ಹೆಚ್ಚಾಗಿ ನಿಮ್ಮಲ್ಲಿ ದಾಖಲಾಗಿದ್ದಳು, ಅವಳಿಗೂ ಪಿನ್ ಚುಚ್ಚಿದ್ದರು. "ಪಿನ್ ಸೊಟ್ಟ ಇತ್ತು, ನೋಡಿದ್ಯಾ? ನಾನೇ ಆ ಆಯಾಗೆ ಹೇಳಿದ್ದೆ, ಸೊಟ್ಟ ಚುಚ್ಚಿದೀಯ ಕಣೆ ಅಂತ" ಎಂದಳು. ಪಕ್ಕದಲ್ಲಿ ನಡೆಯುತ್ತಿದ್ದ ಹೆಂಗಸು ತಿರುಗಿ, "ಅದು ನಂದು ಕಣ್ರೀ, ನನಗೆ ಯಾವಾಗ್ಲೂ ಎಡಗಡೆನೇ ಚುಚ್ಚೋದು" ಎಂದರು. ಬಾಗಿಲಿಗೆ ಬರುವಷ್ಟರಲ್ಲಿ ಆ ಪಿನ್ನಿಗೆ ಆರೇಳು ಜನ ವಾರಸುದಾರರಾಗಿದ್ದರು. ಒಂದು ಕಾಯಿಲೆಗಾಗಿ ಜನ ನನ್ನದು ತನ್ನದು ಎಂದು ಜಗಳವಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಮನೆಗೆ ಬಂದ ಮೇಲೆ ಅಕ್ಕ ನೀರಿನ ಬಕೆಟ್ಟಿನ ಮುಂದೆ ಸ್ವಲ್ಪ ಹೊತ್ತು ನಿಂತು, ಎತ್ತದೆ, ನನ್ನನ್ನು ಕರೆದಳು. ನಮ್ಮಮ್ಮ ಹೋದ ಮೇಲೆ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ನನಗೆ ಭಯವಾಯಿತು, ಅದನ್ನು ಮುಚ್ಚಿಡುವುದೇಕೆ?

ಮರುದಿನ ನಿಮ್ಮ ಕಚೇರಿಗೆ ಬಂದೆವು. ನೀವು ಸಿಗಲಿಲ್ಲ; ಗಾಜಿನ ಕಿಂಡಿಯಾಚೆ ನಿಮ್ಮ ಸಹಾಯಕರು ಸಿಕ್ಕರು. ಸಭ್ಯ ಮನುಷ್ಯ, ಕುರ್ಚಿ ಕೊಡಿಸಿದರು. ನಮ್ಮ ಸಂಭಾಷಣೆಯನ್ನು ಇದ್ದಂತೆಯೇ ಕೊಡುತ್ತೇನೆ.

"ಆ ಚಿತ್ರ ಇವರದಾ ಅಂತ ನೋಡಿ ಹೇಳ್ಬೇಕು."

"ಹೇಳೋ ಹಾಗಿಲ್ಲ ಸಾರ್. ರೋಗಿಯ ಗೋಪ್ಯತೆ ಕಾಪಾಡ್ಬೇಕು."

"ಯಾರಿಂದ?"

"ಎಲ್ಲರಿಂದ."

"ರೋಗಿಯಿಂದಲೂ?"

ಅವರು ಯೋಚಿಸಿದರು. ಯೋಚಿಸಿದರೆಂಬುದಕ್ಕೆ ನಾನೇ ಸಾಕ್ಷಿ. ಆಮೇಲೆ, "ಎಲ್ಲರೂ ಅಂದ್ರೆ ಎಲ್ಲರೂ ಅಲ್ವಾ ಸಾರ್" ಎಂದರು.

"ನಂದಲ್ಲ ಅಂತಾನಾದ್ರೂ ಹೇಳಪ್ಪ" ಎಂದಳು ಅಕ್ಕ.

"ನಿಮ್ಮದಲ್ಲ ಅಂದ್ರೆ, ಬೇರೆಯವರದು ಅಂತ ಮಾಹಿತಿ ಕೊಟ್ಟ ಹಾಗಾಗುತ್ತೆ ಮೇಡಂ."

ಯಾವ ನಂಬರು ಯಾರದೆಂದು ತೋರಿಸುವ ಕೀಲಿ ನಿಮ್ಮಲ್ಲಿ ಇದೆಯೆಂಬುದನ್ನು ಮಾತ್ರ ಅವರು ಅಲ್ಲಗಳೆಯಲಿಲ್ಲ. ಭದ್ರವಾಗಿದೆ, ನಿಮ್ಮೊಬ್ಬರ ಕಂಪ್ಯೂಟರಿನಲ್ಲಿದೆ, ಲೆಕ್ಕಪರಿಶೋಧನೆಗೆ ಬಿಟ್ಟು ಬೇರೆ ಯಾವ ಕಾರಣಕ್ಕೂ ತೆರೆಯಲು ನಿಯಮದಲ್ಲಿ ಅವಕಾಶವಿಲ್ಲ ಎಂದರು. ನಿಯಮ ಬರೆದವರು ಯಾರೆಂದು ಕೇಳಿದೆ. ನೀವೇ ಎಂದರು.

ಮಾನ್ಯರೇ, ನನ್ನ ಕಲಿಕೆಯ ಕಾರಿನಲ್ಲಿ ನನ್ನ ಕಾಲಬುಡದಲ್ಲೂ ಒಂದು ಬ್ರೇಕ್ ಇದೆ. ಅದನ್ನು ಕಾರಣವಿಲ್ಲದೆ ಒತ್ತಬಾರದೆಂಬುದು ನನ್ನ ನಿಯಮ. ಒತ್ತುತ್ತಿದ್ದರೆ ಯಾರೂ ಡ್ರೈವಿಂಗ್ ಕಲಿಯುವುದಿಲ್ಲ. ಹಾಗಂತ ಎದುರಿಗೆ ಲಾರಿ ಬಂದಾಗಲೂ ನಿಯಮ ನೆನೆಸಿಕೊಂಡು ಕಾಲನ್ನು ಸೀಟಿನ ಮೇಲೆ ಮಡಚಿಟ್ಟು ಕೂತರೆ, ನನ್ನನ್ನು ಶಿಸ್ತಿನ ಮನುಷ್ಯನೆಂದು ನೀವು ಹೊಗಳುತ್ತೀರಾ? ಅಪರಿಚಿತರಿಗೆ ನಮ್ಮ ಹೆಸರು ಗೊತ್ತಾಗಬಾರದೆಂದು ನಾವು ನಿಮ್ಮನ್ನು ಕೇಳಿಕೊಂಡೆವು. ನಮ್ಮ ಕಾಯಿಲೆ ನಮಗೇ ಗೊತ್ತಾಗಬಾರದೆಂದು ಯಾವಾಗ ಕೇಳಿಕೊಂಡೆವು? ಆ ಸಂಶೋಧಕಿಗೆ ಆಕೆಯ ಹೆಸರು ಬೇಡ. ನಮಗೂ ಬೇಡ. ಅವರು ನಂಬರು ಹೇಳುತ್ತಾರೆ, ನೀವು ಒಂದು ಫೋನ್ ಮಾಡುತ್ತೀರಿ, ಆಕೆ ಆಸ್ಪತ್ರೆಗೆ ಬರುತ್ತಾಳೆ. ಇದರಲ್ಲಿ ಯಾವ ಗುಟ್ಟು ಯಾರಿಗೆ ರಟ್ಟಾಯಿತು? ಸ್ಮಶಾನದಷ್ಟು ಚೆನ್ನಾಗಿ ಗುಟ್ಟು ಕಾಪಾಡುವ ಜಾಗ ಇನ್ನೊಂದಿಲ್ಲ ನಿಜ, ಆದರೆ ಆಸ್ಪತ್ರೆಯವರು ಆ ಮಟ್ಟಕ್ಕೆ ಪೈಪೋಟಿ ಮಾಡಬೇಕಾಗಿಲ್ಲ.

ಕೊನೆಗೆ ನಾವೇ ಹೊಸದಾಗಿ ಸ್ಕ್ಯಾನ್ ಮಾಡಿಸಲು ಹೋದೆವು, ಅದೂ ನಿಮ್ಮಲ್ಲಿಯೇ. ಡಾಕ್ಟರು ಏನು ತೊಂದರೆ ಎಂದು ಕೇಳಿದರು. "ನನಗೇನೂ ತೊಂದರೆ ಇಲ್ಲ, ನಿಮ್ಮ ಫೋಟೋದಲ್ಲಿ ಇದೆ" ಎಂದಳು ಅಕ್ಕ. ಸ್ಕ್ಯಾನಿಗೆ ಕಾರಣ ತುಂಬಬೇಕಾದ ಜಾಗದಲ್ಲಿ ಕಂಪ್ಯೂಟರು ಸಿದ್ಧ ಉತ್ತರಗಳನ್ನು ಮಾತ್ರ ಒಪ್ಪುತ್ತದಂತೆ. "ಪುರಭವನದಲ್ಲಿ ನೋಡಿದ್ದು" ಎಂಬುದು ಅದರಲ್ಲಿಲ್ಲ. ಡಾಕ್ಟರು ದಯಾಳು, ನಮ್ಮಿಬ್ಬರ ಮುಖ ನೋಡಿ "ಅತಿಯಾದ ಆತಂಕ" ಎಂಬುದನ್ನು ಒತ್ತಿದರು. ಆತಂಕ ರೋಗಿಯದಾ ರೋಗಿಯ ತಮ್ಮನದಾ ಎಂದು ಕಂಪ್ಯೂಟರು ಕೇಳಲಿಲ್ಲ. ವರದಿ ಬರುವವರೆಗೆ ನಾನು ಕಾರಿನಲ್ಲಿ ಯಾರನ್ನೂ ಗದರಿಸಲಿಲ್ಲವೆಂದೂ, ಅದರಿಂದ ಕಲಿಯುವವರು ಗಾಬರಿಯಾಗಿ ಎರಡು ಸಲ ಕಂಬಕ್ಕೆ ಗುದ್ದಿದರೆಂದೂ ನನ್ನ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ. ವರದಿ ಬಂತು. ಅಕ್ಕನ ರಕ್ತನಾಳ ನೆಟ್ಟಗಿತ್ತು, ಎಲ್ಲೂ ಉಬ್ಬಿರಲಿಲ್ಲ.

ಅಂದು ಸಂಜೆ ಮನೆಗೆ ಐಸ್ ಕ್ರೀಮ್ ತಂದೆ. ನನ್ನ ಹೆಂಡತಿ ಎಲ್ಲರಿಗೂ ಬಟ್ಟಲಿಗೆ ಹಾಕಿ ಕೊಟ್ಟಳು. ಅಕ್ಕನ ಬಟ್ಟಲಿನಲ್ಲಿದ್ದದ್ದು ಕರಗಿ ನೀರಾಯಿತು.

"ಏನಕ್ಕ, ತಿನ್ನಲ್ವಾ? ನಿಂದಲ್ಲ ಅಂತ ಗೊತ್ತಾಯ್ತಲ್ಲ."

"ನಂದಲ್ಲ ಅಂದ್ರೆ ಇನ್ಯಾರದೋ ಅಲ್ವೇನೋ. ಅವಳು ಅವತ್ತು ಸಭೆಗೇ ಬಂದಿರ್ಲಿಲ್ಲವೋ ಏನೋ. ಈಗ ಎಲ್ಲಿ ಏನು ಎತ್ತುತಾ ಇದಾಳೋ."

ಮಾರನೆಯ ಬೆಳಗ್ಗೆಯಿಂದ ಅಕ್ಕ ಮತ್ತೆ ಕೆಲಸಕ್ಕೆ ಹೊರಟಳು, ಈ ಸಲ ಯಾರೂ ನೇಮಿಸದ ಕೆಲಸಕ್ಕೆ. ಕಂಡಕ್ಟರಾಗಿದ್ದಾಗ ನಿಂತ ಪ್ರಯಾಣಿಕರ ಕೈಯಿಂದ ಚೀಲ ತೆಗೆದು ಮೇಲಿಡುವುದು ಅವಳಿಗೆ ಅಭ್ಯಾಸ. ಕೇಳಿ ತೆಗೆದದ್ದನ್ನು ನಾನಂತೂ ನೋಡಿಲ್ಲ. ಈಗ ಬೀದಿಯನ್ನೇ ಬಸ್ಸು ಮಾಡಿಕೊಂಡಳು. ಅರವತ್ತರ ಆಸುಪಾಸಿನ ಹೆಂಗಸು ಭಾರ ಹೊತ್ತು ಬರುವುದು ಕಂಡರೆ ಸಾಕು, ಎದುರಿಗೆ ಹೋಗಿ ಚೀಲ ಕಿತ್ತುಕೊಳ್ಳುವುದು, ಅವರ ಮನೆಯವರೆಗೂ ತಾನೇ ಹೊರುವುದು, ದಾರಿಯಲ್ಲಿ "ನಿಮಗೆ ಕೆಮ್ಮಿಗೆ ಎಕ್ಸ್-ರೇ ತೆಗೆದಿದ್ರಾ? ಪಿನ್ ಚುಚ್ಚಿದ್ರಾ?" ಎಂದು ವಿಚಾರಿಸುವುದು. ಕೆಲವರು ಆಶೀರ್ವಾದ ಮಾಡಿದರು. ಕೆಲವರು ತಲೆ ಕೆಟ್ಟಿದೆ ಎಂದರು. ಒಬ್ಬರು ತಮಗಿನ್ನೂ ನಲವತ್ತೆಂಟು ಎಂದು ಹೇಳಿ ಚೀಲಕ್ಕಿಂತ ಹೆಚ್ಚಾಗಿ ಅದಕ್ಕೇ ಸಿಟ್ಟಾದರು. ನಾನು ಬೇಡವೆಂದೆ. "ನಿನಗೆ ಕಾರಿನಲ್ಲಿ ಕೂತು ಕೂತು ಅಭ್ಯಾಸ" ಎಂದಳು. ಆ ಹೆಂಗಸು ಭಾರ ಎತ್ತಬಾರದೆಂದು ಸಂಶೋಧಕಿ ಹೇಳಿದ್ದಾರೆ, ಆ ಹೆಂಗಸು ಯಾರೆಂದು ಗೊತ್ತಿಲ್ಲ, ಆದ್ದರಿಂದ ಎಲ್ಲರ ಭಾರವನ್ನೂ ತಾನೇ ಎತ್ತುವುದೆಂಬುದು ಅವಳ ಲೆಕ್ಕ. ಇದರಲ್ಲಿ ತಪ್ಪು ಹುಡುಕಲು ನಾನು ತುಂಬ ಪ್ರಯತ್ನಪಟ್ಟೆ.

ಹೀಗೆ ನಾವು ಕುಂಬಳಕಾಯಿಗೆ ಬಂದೆವು. ಠಾಣೆಗೆ ನಾನು ಓಡಿ ಹೋದಾಗ ಅಕ್ಕ ಬೆಂಚಿನ ಮೇಲೆ ಕೂತಿದ್ದಳು. ಚೀಲವಿನ್ನೂ ಅವಳ ತೊಡೆಯ ಮೇಲೇ ಇತ್ತು, ದೂರು ಕೊಟ್ಟ ಹೆಂಗಸು ಪಕ್ಕದಲ್ಲಿ ನಿಂತಿದ್ದರು. ಮೇಜಿನಾಚೆ ಮಹಿಳಾ ಇನ್ಸ್‌ಪೆಕ್ಟರ್.

"ಈ ಚೀಲ ಯಾಕೆ ಕಿತ್ಕೊಂಡ್ರಿ?"

"ಅವರು ಎತ್ತಬಾರದು."

"ಯಾಕೆ? ಅವರು ನಿಮಗೇನಾಗಬೇಕು?"

"ಏನೂ ಆಗ್ಬೇಕಾಗಿಲ್ಲ. ಅವರೇ ಆಗಿರಬಹುದು."

ಇನ್ಸ್‌ಪೆಕ್ಟರ್ ನನ್ನ ಕಡೆ ನೋಡಿದರು. ನಾನು ಮೊದಲಿನಿಂದ ಕೊನೆಯವರೆಗೂ ಹೇಳಿದೆ: ಪಿನ್ನು, ಉಬ್ಬು, ನಂಬರು, ನಿಮ್ಮ ಕೀಲಿ. ನಾನು ಮುಗಿಸಿದಾಗ ದೂರು ಕೊಟ್ಟ ಹೆಂಗಸು ಮೆಲ್ಲಗೆ ಬೆಂಚಿನ ಮೇಲೆ, ಅಕ್ಕನ ಪಕ್ಕದಲ್ಲಿಯೇ ಕೂತರು. "ನಂಗೂ ಕೆಮ್ಮಿಗೆ ತೆಗೆದಿದ್ರು" ಎಂದರು. "ನಂಗೆ ಈಗ ಅರವತ್ತೆರಡು." ಅಕ್ಕ ಅವರ ಕೈ ಹಿಡಿದುಕೊಂಡಳು. ಇನ್ಸ್‌ಪೆಕ್ಟರ್ ಫೋನ್ ತೆಗೆದುಕೊಂಡು ಹೊರಗೆ ಹೋದರು. "ಅಮ್ಮಾ, ನೀನು ಆಸ್ಪತ್ರೆಲಿದ್ದಾಗ ನಿಂಗೆ ಪಿನ್ ಚುಚ್ಚಿದ್ರಾ?" ಎಂದು ಕೇಳುತ್ತಿದ್ದದ್ದು ಒಳಗೂ ಕೇಳಿಸಿತು. ದೂರು ವಾಪಸಾಯಿತು. ಇನ್ನು ಮುಂದೆ ಮಾರುಕಟ್ಟೆಯಲ್ಲಿ ಯಾರ ಚೀಲವನ್ನೂ ಮುಟ್ಟುವುದಿಲ್ಲವೆಂದು ಅಕ್ಕನಿಂದ ಮುಚ್ಚಳಿಕೆ ಬರೆಸಿಕೊಂಡು ನನ್ನಿಂದ ಸಾಕ್ಷಿ ಹಾಕಿಸಿದರು. ಚೀಲವನ್ನು ಕಾರಿಗೆ ತಂದಿಟ್ಟದ್ದು ಒಬ್ಬ ಪೇದೆ. ಆ ಹೆಂಗಸನ್ನು ಮನೆಗೆ ಬಿಟ್ಟು ಬರುವಾಗ ಅಕ್ಕ ನನಗೆ, "ಮಾರ್ಕೆಟ್ಟಿನಲ್ಲಿ ಅಂತ ತಾನೇ ಬರೆದಿದ್ದು? ಬಸ್ ಸ್ಟ್ಯಾಂಡ್ ಅಂತ ಇಲ್ವಲ್ಲ" ಎಂದಳು.

ಆ ಹೆಂಗಸು ಮರುದಿನ ನಿಮ್ಮ ಕಚೇರಿಗೆ ಫೋನ್ ಮಾಡಿದರು. ಅವರಿಗೂ ಗೋಪ್ಯತೆಯ ಉತ್ತರವೇ ಸಿಕ್ಕಿತು. ಅಂದಿನಿಂದ ಅವರು ಮೊಮ್ಮಗಳನ್ನು ಎತ್ತಿಕೊಂಡಿಲ್ಲವಂತೆ. ಮಗು ಕೈ ಚಾಚಿದರೆ ಅಡುಗೆಮನೆಗೆ ಹೋಗಿಬಿಡುತ್ತಾರಂತೆ. ಇನ್ಸ್‌ಪೆಕ್ಟರ ತಾಯಿಯೂ ಹಾಗೆಯೇ ಇದ್ದಾರೆಂದು ಕೇಳಿದೆ. ನೀವು ಒಬ್ಬಳಿಗೆ ಹೇಳಬೇಕಾದ ಸುದ್ದಿಯನ್ನು ಬಚ್ಚಿಟ್ಟು, ಅದರ ಭಯವನ್ನು ಊರಿನ ಅಷ್ಟೂ ಹೆಂಗಸರಿಗೆ ಸಮನಾಗಿ ಹಂಚಿದ್ದೀರಿ. ಹೆದರಬೇಕಾಗಿಲ್ಲದವರೆಲ್ಲ ಹೆದರಿ ಕೂತಿದ್ದಾರೆ. ಹೆದರಬೇಕಾದವಳೊಬ್ಬಳು ಮಾತ್ರ ಏನೂ ತಿಳಿಯದೆ ಆರಾಮಾಗಿ ಓಡಾಡಿಕೊಂಡಿದ್ದಾಳೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಆ ಕೀಲಿಯನ್ನು ಒಂದು ಸಲ ತೆರೆಯಿರಿ. ಒಂದು ಹೆಸರು ನೋಡಿ, ಮುಚ್ಚಿಬಿಡಿ. ಆಕೆಗೆ ಫೋನ್ ಮಾಡಿ, ಏನೂ ಎತ್ತಬೇಡಿ, ನಾಳೆ ಆಸ್ಪತ್ರೆಗೆ ಬನ್ನಿ ಎನ್ನಿ. ಹೆಸರನ್ನು ನಮಗೆ ಹೇಳಬೇಡಿ, ಸಂಶೋಧಕರಿಗೂ ಹೇಳಬೇಡಿ, ನಿಮ್ಮ ಹೆಂಡತಿಗೂ ಹೇಳಬೇಡಿ. ನಮಗಾಗಿ ಆಸ್ಪತ್ರೆಯ ಗೇಟಿನಲ್ಲಿ "ಆಕೆಗೆ ತಿಳಿಸಲಾಗಿದೆ" ಎಂದು ಒಂದು ಸಾಲಿನ ಫಲಕ ಹಾಕಿ, ಸಾಕು. ಉಳಿದವರು ತಮ್ಮ ಚೀಲ, ಬಕೆಟ್ಟು, ಮೊಮ್ಮಕ್ಕಳನ್ನು ತಾವೇ ಎತ್ತಿಕೊಳ್ಳುತ್ತಾರೆ. ಹಾಗೆಯೇ ಮುಂದಿನ ಸಲ ನಮ್ಮ ಒಪ್ಪಿಗೆ ಕೇಳುವಾಗ, ಸಂಶೋಧಕರಿಗೆ ನಮ್ಮಲ್ಲಿ ಏನಾದರೂ ಸಿಕ್ಕರೆ ನಮಗೂ ಹೇಳುತ್ತೇವೆಂದು ಒಂದು ವಾಕ್ಯ ಸೇರಿಸಿ. ಈ ಸಲ ನಾನು ಕನ್ನಡಕ ಹಾಕಿಕೊಂಡೇ ಓದಿ ಸಹಿ ಮಾಡುತ್ತೇನೆ. ಇದಕ್ಕೆ ಸಮಿತಿ ಬೇಡ, ಪರಿಶೀಲನೆ ಬೇಡ. ನೀವು ಈ ಸಾಲನ್ನು ಓದುತ್ತಿರುವ ಹೊತ್ತಿಗೆ ಆಕೆ ಯಾವುದೋ ಮನೆಯಲ್ಲಿ ಸೆರಗು ಸಿಕ್ಕಿಸಿಕೊಂಡು, ತುಂಬಿದ ಬಕೆಟ್ಟಿಗೆ ಬಗ್ಗುತ್ತಿದ್ದಾಳೆ. ಫೋನ್ ಮಾಡಿ.

ಇಂತಿ,
ಪುರುಷ, ಐವತ್ತೈದರಿಂದ ಅರವತ್ತರೊಳಗೆ,
ಹೆಸರು ಅಳಿಸಲಾಗಿದೆ,
ಸದ್ಯ ಬಸ್ ಸ್ಟ್ಯಾಂಡಿನಲ್ಲಿ ಅಕ್ಕನನ್ನು ಹುಡುಕುತ್ತಿರುವವನು